ಗಣಕಯಂತ್ರದ ಆರಂಭದ ದಿನಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಕಂಪ್ಯೂಟರ್‌ನ ಇತಿಹಾಸದ ಬಗ್ಗೆ ಕೇಳುವ ಪ್ರಶ್ನೆಗಳಲ್ಲಿ ‘ಮೊದಲ’ ಎಂಬ ಪದ ಮತ್ತೆ ಮತ್ತೆ ಬರುತ್ತದೆ. ಮೊದಲ ಯಂತ್ರ ಯಾವುದು, ಮೊದಲ ಪ್ರೋಗ್ರಾಂ ಯಾರದು, ಮೊದಲು ಯೋಚಿಸಿದವರು ಯಾರು ಎಂದೇ ಬಹುಪಾಲು ಜನ ಕೇಳುತ್ತಾರೆ. ಇಲ್ಲಿನ ಉತ್ತರಗಳಲ್ಲಿ ಅವುಗಳ ಜೊತೆಗೆ ಇನ್ನೊಂದು ವಿಷಯಕ್ಕೂ ಜಾಗ ಕೊಟ್ಟಿದ್ದೇನೆ. ಯಂತ್ರ ಬರುವ ಮೊದಲು ಆ ಲೆಕ್ಕಗಳನ್ನು ಕೈಯಲ್ಲಿ ಮಾಡುತ್ತಿದ್ದವರು ಯಾರು, ಯಂತ್ರ ಬಂದ ಮೇಲೆ ಅದನ್ನು ನಡೆಸಿದವರು ಯಾರು ಎಂಬುದು ಆ ವಿಷಯ. ಅದನ್ನು ಬಿಟ್ಟರೆ ಈ ಇತಿಹಾಸ ಅರ್ಥವಾಗುವುದಿಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಕಂಪ್ಯೂಟರನ್ನು ಕಂಡುಹಿಡಿದವರು ಯಾರು?

ಸಾಮಾನ್ಯ ಜ್ಞಾನದ ಪುಸ್ತಕಗಳು ಈ ಪ್ರಶ್ನೆಗೆ ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನ ಗಣಿತಜ್ಞ ಚಾರ್ಲ್ಸ್ ಬ್ಯಾಬೇಜ್ ಎಂಬ ಒಂದೇ ಹೆಸರು ಕೊಡುತ್ತವೆ. ಆದರೆ ಬ್ಯಾಬೇಜ್ ತಮ್ಮ ದೊಡ್ಡ ಯಂತ್ರಗಳಲ್ಲಿ ಒಂದನ್ನೂ ಪೂರ್ತಿಯಾಗಿ ಕಟ್ಟಲಿಲ್ಲ. ನೂರು ವರ್ಷಗಳ ನಂತರ ಯಂತ್ರಗಳನ್ನು ಕಟ್ಟಿ ನಡೆಸಿದವರಲ್ಲಿ ಹೆಚ್ಚಿನವರು ಅವರ ನಕ್ಷೆಗಳನ್ನು ನೋಡಿ ಕಟ್ಟಿದವರೂ ಅಲ್ಲ. ಆದ್ದರಿಂದ ಪ್ರಶ್ನೆಯನ್ನು ಒಡೆದು ಕೇಳುವುದು ಒಳ್ಳೆಯದು. ಒಂದೇ ಯಂತ್ರದಿಂದ ಬೇರೆ ಬೇರೆ ಲೆಕ್ಕಗಳನ್ನು ಮಾಡಿಸಬಹುದೆಂದು ವಿವರವಾಗಿ ಯೋಚಿಸಿದವರು ಬ್ಯಾಬೇಜ್. ಪ್ರೋಗ್ರಾಂ ಕೊಟ್ಟರೆ ತಾನಾಗಿ ನಡೆಯುವ ಯಂತ್ರವನ್ನು ಮೊದಲು ಕೆಲಸಕ್ಕೆ ಹಚ್ಚಿದವರು ಜರ್ಮನಿಯ ಕೊನ್ರಾಡ್ ಟ್ಸೂಸೆ. ವಾಲ್ವ್‌ಗಳಿಂದ (ಹಳೆಯ ರೇಡಿಯೊಗಳಲ್ಲಿದ್ದಂಥ, ವಿದ್ಯುತ್ ಹರಿವನ್ನು ನಿಯಂತ್ರಿಸುವ ಗಾಜಿನ ನಳಿಕೆಗಳಿಂದ) ಅತಿ ವೇಗವಾಗಿ ಲೆಕ್ಕ ಮಾಡಿಸಿದ ಕೀರ್ತಿಯಲ್ಲಿ ಬ್ರಿಟನ್ ಮತ್ತು ಅಮೆರಿಕದ ಹಲವರಿಗೆ ಪಾಲಿದೆ. ಪ್ರೋಗ್ರಾಮನ್ನೇ ನೆನಪಿನೊಳಗೆ ಇಟ್ಟುಕೊಂಡು ನಡೆದ ಮೊದಲ ಯಂತ್ರ ಮ್ಯಾಂಚೆಸ್ಟರ್‌ನದು.

ಯಂತ್ರ ಬರುವ ಮೊದಲು ‘ಕಂಪ್ಯೂಟರ್’ ಎಂದರೆ ಏನು?

ಮನುಷ್ಯ. ಇಂಗ್ಲಿಷಿನಲ್ಲಿ ಆ ಪದ ಇನ್ನೂರು ವರ್ಷಗಳಿಗೂ ಹೆಚ್ಚು ಕಾಲ ಲೆಕ್ಕ ಹಾಕುವ ನೌಕರನಿಗೆ ಸಲ್ಲುತ್ತಿತ್ತು. ನಮ್ಮ ‘ಗಣಕ’ ಪದದ ಕಥೆಯೂ ಅದೇ ಆಗಿರುವುದು ಗಮನಾರ್ಹ. ಸಂಸ್ಕೃತದಿಂದ ಬಂದ ಈ ಪದಕ್ಕೆ ಎಣಿಸುವವನು, ಗ್ರಹಗತಿಯನ್ನು ಲೆಕ್ಕ ಹಾಕುವ ಜ್ಯೋತಿಷಿ ಎಂಬ ಅರ್ಥಗಳಿದ್ದವು. ಆಮೇಲೆ ಅದಕ್ಕೆ ‘ಯಂತ್ರ’ ಎಂಬುದು ಸೇರಿ ಗಣಕಯಂತ್ರವಾಯಿತು.

ಈ ಮನುಷ್ಯರ ಕೆಲಸ ಎಷ್ಟು ದೊಡ್ಡದಾಗಿತ್ತೆಂಬುದಕ್ಕೆ ಹ್ಯಾಲಿ ಧೂಮಕೇತುವಿನ ಲೆಕ್ಕ ಒಳ್ಳೆಯ ಉದಾಹರಣೆ. ಅದು ಯಾವಾಗ ಮರಳಿ ಸೂರ್ಯನ ಸಮೀಪಕ್ಕೆ ಬರುತ್ತದೆ ಎಂದು ತಿಳಿಯಲು ಅಲೆಕ್ಸಿ ಕ್ಲೇರೋ, ಜೆರೋಮ್ ಲಲಾಂದ್ ಮತ್ತು ನಿಕೋಲ್-ರೇನ್ ಲೆಪೋತ್ ಎಂಬ ಮೂವರು ಫ್ರಾನ್ಸಿನಲ್ಲಿ ತಿಂಗಳುಗಟ್ಟಲೆ ಕುಳಿತು ಗುರು ಮತ್ತು ಶನಿ ಗ್ರಹಗಳ ಸೆಳೆತವನ್ನು ಹಂತ ಹಂತವಾಗಿ ಲೆಕ್ಕ ಹಾಕಿದರು. 1759ರ ಏಪ್ರಿಲ್ ನಡುವಿನಲ್ಲಿ ಬರುತ್ತದೆ ಎಂದು ಅವರು ಹೇಳಿದರು. ಧೂಮಕೇತು ಮಾರ್ಚ್ 13ಕ್ಕೆ ಆ ಬಿಂದುವನ್ನು ತಲುಪಿತು. ಎಪ್ಪತ್ತಾರು ವರ್ಷಗಳ ಸುತ್ತಾಟದಲ್ಲಿ ವ್ಯತ್ಯಾಸ ಬಂದದ್ದು ಒಂದು ತಿಂಗಳು ಮಾತ್ರ.

1790ರ ದಶಕದಲ್ಲಿ ಫ್ರಾನ್ಸಿನಲ್ಲೇ ಗಾಸ್ಪಾರ್ ದ ಪ್ರೋನಿ ಇದೇ ಕೆಲಸವನ್ನು ಕಾರ್ಖಾನೆಯಂತೆ ವಿಂಗಡಿಸಿದರು. ಲಾಗರಿದಮ್ ಕೋಷ್ಟಕಗಳನ್ನು ತಯಾರಿಸುವುದಕ್ಕೆ ಮೇಲೆ ಕೆಲವೇ ಗಣಿತಜ್ಞರು ಸೂತ್ರ ಆರಿಸುತ್ತಿದ್ದರು, ನಡುವಿನವರು ಅದನ್ನು ಸಣ್ಣ ಸಣ್ಣ ಹಂತಗಳಾಗಿ ಬಿಡಿಸುತ್ತಿದ್ದರು, ಕೆಳಗಿದ್ದ ಹಲವು ಡಜನ್ ಜನ ಕೂಡುವುದು ಕಳೆಯುವುದನ್ನು ಮಾತ್ರ ಮಾಡುತ್ತಿದ್ದರು. ಕ್ರಾಂತಿಯ ನಂತರ ಶ್ರೀಮಂತರ ಕೇಶಾಲಂಕಾರದ ಕೆಲಸ ಕಳೆದುಕೊಂಡ ಕ್ಷೌರಿಕರು ಆ ಗುಂಪಿನಲ್ಲಿದ್ದರು. ಕಷ್ಟದ ಗಣಿತವನ್ನು ಬರೀ ಕೂಡುವಿಕೆಗೆ ಇಳಿಸಬಹುದು ಎಂಬುದು ಸಾಬೀತಾದದ್ದು ಈ ಜನರಿಂದ. ಬ್ಯಾಬೇಜ್ ಅವರ ಮೇಲೆ ಇದರ ಪ್ರಭಾವ ಆಳವಾಗಿತ್ತು.

ಭಾರತದಲ್ಲೂ ಈ ಹುದ್ದೆ ಇತ್ತು. ಮಹಾ ತ್ರಿಕೋನಮಿತಿ ಸರ್ವೇಕ್ಷಣೆಗೆ 1831ರಲ್ಲಿ ‘ಕಂಪ್ಯೂಟರ್’ ಆಗಿ ಸೇರಿದ ಬಂಗಾಳದ ರಾಧಾನಾಥ್ ಸಿಕ್ದಾರ್, ಹದಿನೈದನೆಯ ಶಿಖರ ಎಂದು ದಾಖಲಾಗಿದ್ದ ಪರ್ವತದ ಎತ್ತರದ ಲೆಕ್ಕಕ್ಕಾಗಿ ಇಂದು ನೆನಪಾಗುತ್ತಾರೆ. ಆ ಶಿಖರಕ್ಕೆ ಇಟ್ಟ ಹೆಸರು ಮಾತ್ರ ಎವರೆಸ್ಟ್.

ಪ್ಯಾಸ್ಕಲ್ ಯಂತ್ರವೂ ಕಂಪ್ಯೂಟರ್ ಅಲ್ಲವೇ?

ಅದು ಕೂಡುವ ಯಂತ್ರ. ತೆರಿಗೆ ಅಧಿಕಾರಿಯಾಗಿದ್ದ ತಂದೆಯ ಲೆಕ್ಕದ ಹೊರೆ ಇಳಿಸಲು ಬ್ಲೇಸ್ ಪ್ಯಾಸ್ಕಲ್ 1642ರಲ್ಲಿ, ಇನ್ನೂ ಇಪ್ಪತ್ತು ತುಂಬದ ವಯಸ್ಸಿನಲ್ಲಿ, ಹಲ್ಲುಚಕ್ರಗಳ ಯಂತ್ರವನ್ನು ರೂಪಿಸತೊಡಗಿದರು. ಒಂದು ಚಕ್ರ ಒಂಬತ್ತನ್ನು ದಾಟಿದಾಗ ಪಕ್ಕದ ಚಕ್ರ ಒಂದು ಹಲ್ಲು ಮುಂದೆ ಸರಿಯುತ್ತದೆ. ನಾವು ‘ದಶಕ’ ಎಂದು ಕಲಿಯುವುದನ್ನು ಲೋಹ ಮಾಡುತ್ತದೆ. ಲೈಬ್ನಿಟ್ಸ್ ಗುಣಿಸಬಲ್ಲ ಯಂತ್ರವನ್ನು 1673ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ತೋರಿಸಿದರು. ಆದರೆ ಈ ಯಂತ್ರಗಳಲ್ಲಿ ಪ್ರತಿ ಹೆಜ್ಜೆಗೂ ಮನುಷ್ಯನ ಕೈ ಬೇಕು, ಮುಂದೇನು ಮಾಡಬೇಕೆಂಬುದು ಅವನ ತಲೆಯಲ್ಲೇ ಇರುತ್ತದೆ.

ಬ್ಯಾಬೇಜ್ ಅವರ ಡಿಫರೆನ್ಸ್ ಎಂಜಿನ್ ಹೇಗೆ ಕೆಲಸ ಮಾಡುತ್ತದೆ?

1821ರಲ್ಲಿ ಬ್ಯಾಬೇಜ್ ತಮ್ಮ ಗೆಳೆಯ ಜಾನ್ ಹರ್ಷೆಲ್ ಜೊತೆ ಖಗೋಳ ಕೋಷ್ಟಕಗಳನ್ನು ತಾಳೆ ನೋಡುತ್ತಿದ್ದಾಗ ತಪ್ಪಿನ ಮೇಲೆ ತಪ್ಪು ಸಿಗುತ್ತಾ ಹೋಯಿತು. ಈ ಲೆಕ್ಕವನ್ನು ಹಬೆಯಂತ್ರ ಮಾಡಿದ್ದರೆ ಚೆನ್ನಾಗಿತ್ತು ಎಂದು ಅವರು ಉದ್ಗರಿಸಿದ ಪ್ರಸಂಗ ಪ್ರಸಿದ್ಧವಾಗಿದೆ. ಲೆಕ್ಕ ಹಾಕುವಾಗ ಒಂದು ತಪ್ಪು, ನಕಲು ಮಾಡುವಾಗ ಒಂದು, ಅಚ್ಚಿನ ಮೊಳೆ ಜೋಡಿಸುವಾಗ ಮತ್ತೊಂದು. ಸಮುದ್ರದ ನಡುವೆ ಹಡಗಿನ ಸ್ಥಾನ ತಿಳಿಯಲು ನಾವಿಕ ಪಂಚಾಂಗವನ್ನೇ ನಂಬಿದವರಿಗೆ ಒಂದು ಅಂಕಿಯ ತಪ್ಪು ಪ್ರಾಣಕ್ಕೆ ಸಂಚಕಾರ ತರಬಲ್ಲದಾಗಿತ್ತು.

ಯಂತ್ರದ ಹಿಂದಿನ ಉಪಾಯವನ್ನು ಮಗ್ಗಿ ಬಲ್ಲ ಮಗುವಿಗೂ ತೋರಿಸಬಹುದು. 1, 4, 9, 16, 25 ಎಂಬ ವರ್ಗಸಂಖ್ಯೆಗಳನ್ನು ಸಾಲಾಗಿ ಬರೆದು ಪಕ್ಕಪಕ್ಕದವುಗಳ ವ್ಯತ್ಯಾಸ ತೆಗೆದರೆ 3, 5, 7, 9 ಬರುತ್ತದೆ. ಆ ವ್ಯತ್ಯಾಸಗಳ ವ್ಯತ್ಯಾಸ ತೆಗೆದರೆ ಎಲ್ಲ ಕಡೆಯೂ 2. ಈಗ ಹಿಂದಕ್ಕೆ ನಡೆಯಿರಿ: 9ಕ್ಕೆ 2 ಕೂಡಿದರೆ 11, 25ಕ್ಕೆ 11 ಕೂಡಿದರೆ 36. ಆರನ್ನು ಆರರಿಂದ ಗುಣಿಸದೆಯೇ ಅದರ ವರ್ಗ ದೊರೆಯಿತು. ಇನ್ನೂ ಕಷ್ಟದ ಕೋಷ್ಟಕಗಳನ್ನೂ ಹೀಗೆ ಕೂಡುವಿಕೆಯ ಸರಪಳಿಯಾಗಿ ಬಿಡಿಸಬಹುದು, ಕೂಡುವುದಕ್ಕೆ ಹಲ್ಲುಚಕ್ರಗಳು ಸಾಕು. ಫಲಿತಾಂಶವನ್ನು ಯಂತ್ರವೇ ಅಚ್ಚಿಗೆ ಒತ್ತಿ ಕೊಡಬೇಕು ಎಂದೂ ಬ್ಯಾಬೇಜ್ ಹಟ ಹಿಡಿದರು, ಏಕೆಂದರೆ ಮೊಳೆ ಜೋಡಿಸುವವನ ತಪ್ಪೂ ಇಲ್ಲವಾಗಬೇಕಿತ್ತು.

ಹಾಗಾದರೆ ಆ ಯಂತ್ರ ಏಕೆ ಪೂರ್ತಿಯಾಗಲಿಲ್ಲ?

ಆ ಕಾಲದ ಕಮ್ಮಟಗಳಿಗೆ ಅಷ್ಟು ಕರಾರುವಾಕ್ಕಾದ ಭಾಗಗಳನ್ನು ಕಡೆಯಲು ಬರುತ್ತಿರಲಿಲ್ಲ ಎಂಬ ವಿವರಣೆ ಬಹಳ ಕಾಲ ಚಾಲ್ತಿಯಲ್ಲಿತ್ತು. ಅದು ಸರಿಯಲ್ಲ. ಬ್ಯಾಬೇಜ್ 1840ರ ದಶಕದ ಕೊನೆಯಲ್ಲಿ ಬಿಡಿಸಿದ ಎರಡನೆಯ ಡಿಫರೆನ್ಸ್ ಎಂಜಿನ್ನಿನ ನಕ್ಷೆಗಳನ್ನು ಆಧರಿಸಿ, ಆ ಕಾಲದಲ್ಲಿ ಸಾಧ್ಯವಿದ್ದಷ್ಟೇ ನಿಖರತೆಯಲ್ಲಿ ಲಂಡನ್ನಿನ ವಿಜ್ಞಾನ ವಸ್ತುಸಂಗ್ರಹಾಲಯ ಯಂತ್ರವನ್ನು ಕಟ್ಟಿಸಿತು. ಡೋರನ್ ಸ್ವೇಡ್ ಅವರ ಮುಂದಾಳತ್ವದಲ್ಲಿ ಅದರ ಲೆಕ್ಕದ ಭಾಗ 1991ರಲ್ಲಿ, ಅಂದರೆ ಬ್ಯಾಬೇಜ್ ಹುಟ್ಟಿದ ಇನ್ನೂರನೆಯ ವರ್ಷದಲ್ಲಿ ಸಿದ್ಧವಾಯಿತು, ಮುದ್ರಣದ ಭಾಗ 2002ರಲ್ಲಿ. ಅದು 31 ಅಂಕಿಗಳ ಉತ್ತರವನ್ನು ತಪ್ಪಿಲ್ಲದೆ ಕೊಡುತ್ತದೆ.

ನಿಜವಾದ ಕಾರಣಗಳು ಹಣ, ಮನಸ್ತಾಪ ಮತ್ತು ಸ್ವತಃ ಬ್ಯಾಬೇಜ್ ಅವರ ಕಲ್ಪನೆಯ ಓಟ. ಸರ್ಕಾರ 1823ರಿಂದ ಹಣ ಕೊಡುತ್ತಾ ಬಂದು ಒಟ್ಟು 17,000 ಪೌಂಡುಗಳಿಗೂ ಹೆಚ್ಚು ವೆಚ್ಚ ಮಾಡಿತು. ಭಾಗಗಳನ್ನು ಅದ್ಭುತ ಕೌಶಲದಿಂದ ತಯಾರಿಸುತ್ತಿದ್ದ ಜೋಸೆಫ್ ಕ್ಲೆಮೆಂಟ್ ಜೊತೆ ವ್ಯವಹಾರ ಕೆಟ್ಟು 1833ರಲ್ಲಿ ಕೆಲಸ ನಿಂತಿತು. ಅಷ್ಟರಲ್ಲಿ ಬ್ಯಾಬೇಜ್ ಮನಸ್ಸು ಇನ್ನೂ ದೊಡ್ಡ ಯಂತ್ರದ ಕಡೆಗೆ ಹೊರಟಿತ್ತು. 1842ರಲ್ಲಿ ಸರ್ಕಾರ ಕೈಬಿಟ್ಟಿತು. ಕ್ಲೆಮೆಂಟ್ ಹೆಸರು ಬ್ಯಾಬೇಜ್ ಕಥೆಯಲ್ಲಿ ತಕರಾರು ತೆಗೆದವನದಾಗಿ ಮಾತ್ರ ಬರುವುದು ನನಗೆ ನೋವಿನ ಸಂಗತಿ. 1832ರಲ್ಲಿ ಅವರು ಜೋಡಿಸಿಕೊಟ್ಟ, ಪೂರ್ಣ ಯಂತ್ರದ ಏಳನೆಯ ಒಂದು ಭಾಗದಷ್ಟಿರುವ ತುಣುಕು ಇಂದಿಗೂ ಸರಾಗವಾಗಿ ತಿರುಗುತ್ತದೆ.

ಅನಲಿಟಿಕಲ್ ಎಂಜಿನ್ ಎಂಬುದು ಬೇರೆಯೇ?

ಬೇರೆ, ಮತ್ತು ಇತಿಹಾಸದಲ್ಲಿ ಹೆಚ್ಚು ಮಹತ್ವದ್ದು ಅದೇ. ಡಿಫರೆನ್ಸ್ ಎಂಜಿನ್ ಒಂದೇ ಬಗೆಯ ಕೆಲಸ ಮಾಡುತ್ತದೆ. 1834ರಿಂದ ಬ್ಯಾಬೇಜ್ ಯೋಚಿಸತೊಡಗಿದ ಅನಲಿಟಿಕಲ್ ಎಂಜಿನ್ ಯಾವ ಲೆಕ್ಕವನ್ನು ಹೇಳಿದರೂ ಮಾಡಬೇಕಿತ್ತು. ಅದರ ಎರಡು ಮುಖ್ಯ ಭಾಗಗಳಿಗೆ ಅವರು ಬಟ್ಟೆ ಉದ್ಯಮದಿಂದ ಹೆಸರು ತಂದರು: ಸಂಖ್ಯೆಗಳನ್ನು ಇಟ್ಟುಕೊಳ್ಳುವ ಭಾಗ ಉಗ್ರಾಣ, ಅವುಗಳ ಮೇಲೆ ಕೆಲಸ ನಡೆಯುವ ಭಾಗ ಗಿರಣಿ. ಇಂದಿನ ಕಂಪ್ಯೂಟರ್‌ನ ಮೆಮೊರಿ ಮತ್ತು ಪ್ರೊಸೆಸರ್ ಎಂಬ ವಿಭಾಗ ಅಲ್ಲಿ ಆಗಲೇ ಸ್ಪಷ್ಟವಾಗಿದೆ. ಉತ್ತರ ಏನು ಬಂತೆಂಬುದನ್ನು ನೋಡಿ ಮುಂದಿನ ದಾರಿ ಆರಿಸಿಕೊಳ್ಳುವ, ಅದೇ ಹಂತಗಳನ್ನು ಮತ್ತೆ ಮತ್ತೆ ನಡೆಸುವ ಏರ್ಪಾಡೂ ಇತ್ತು.

ಯಂತ್ರಕ್ಕೆ ಆದೇಶ ಕೊಡುವ ಉಪಾಯವನ್ನು ಅವರು ನೇಕಾರರಿಂದ ಪಡೆದರು. ಫ್ರಾನ್ಸಿನ ಜೋಸೆಫ್ ಮರಿ ಜಕಾರ್ ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ರೂಪಿಸಿದ ಸಾಧನದಲ್ಲಿ ರಂಧ್ರ ಕೊರೆದ ರಟ್ಟುಗಳ ಮಾಲೆ ಮಗ್ಗದ ಮೇಲೆ ಸುತ್ತುತ್ತದೆ. ರಂಧ್ರ ಇದ್ದ ಕಡೆ ಕೊಕ್ಕೆ ಹಾಸುನೂಲನ್ನು ಎತ್ತುತ್ತದೆ, ಇಲ್ಲದ ಕಡೆ ಎತ್ತುವುದಿಲ್ಲ. ಕರ್ನಾಟಕದಲ್ಲಿ ರೇಷ್ಮೆ ಸೀರೆ ನೇಯುವ ಮನೆಗಳಲ್ಲಿ ಈ ರಟ್ಟಿನ ಮಾಲೆಯನ್ನು ನೋಡಿದವರು ಹಲವರಿದ್ದಾರೆ. ಆ ಸಾಧನವನ್ನು ನಮ್ಮ ನೇಕಾರರು ಜಕಾರ್ಡ್ ಎಂದೇ ಕರೆಯುತ್ತಾರೆ. ಸೆರಗಿನ ಬುಟ್ಟಾ ಬದಲಾಗಬೇಕಾದರೆ ಮಗ್ಗವನ್ನು ಬದಲಿಸಬೇಕಿಲ್ಲ, ರಟ್ಟಿನ ಮಾಲೆಯನ್ನು ಬದಲಿಸಿದರೆ ಸಾಕು. ಯಂತ್ರ ಮತ್ತು ಪ್ರೋಗ್ರಾಂ ಬೇರೆ ಬೇರೆ ಎಂಬುದನ್ನು ಇದಕ್ಕಿಂತ ಚೆನ್ನಾಗಿ ತೋರಿಸುವ ಉದಾಹರಣೆ ನನಗೆ ತಿಳಿದಿಲ್ಲ.

ಏಡಾ ಲವ್‌ಲೇಸ್ ನಿಜವಾಗಿಯೂ ಮೊದಲ ಪ್ರೋಗ್ರಾಮರ್ ಅವರೇ?

ಬ್ಯಾಬೇಜ್ 1840ರಲ್ಲಿ ಇಟಲಿಯ ಟ್ಯೂರಿನ್‌ನಲ್ಲಿ ತಮ್ಮ ಯಂತ್ರದ ಬಗ್ಗೆ ಮಾತನಾಡಿದರು. ಅದನ್ನು ಕೇಳಿದ ಲೂಯಿಜಿ ಮೆನಬ್ರಿಯಾ ಫ್ರೆಂಚ್‌ನಲ್ಲಿ ಒಂದು ಲೇಖನ ಬರೆದರು. ಕವಿ ಬೈರನ್ ಅವರ ಮಗಳಾದ ಏಡಾ ಅದನ್ನು ಇಂಗ್ಲಿಷಿಗೆ ಅನುವಾದಿಸಿ, ಮೂಲಕ್ಕಿಂತ ಹಲವು ಪಟ್ಟು ಉದ್ದದ ಏಳು ಟಿಪ್ಪಣಿಗಳನ್ನು ಸೇರಿಸಿ 1843ರಲ್ಲಿ ಪ್ರಕಟಿಸಿದರು. ಕೊನೆಯ ಟಿಪ್ಪಣಿಯಲ್ಲಿ, ಗಣಿತದಲ್ಲಿ ಬಳಕೆಯಿರುವ ಬರ್ನೂಲಿ ಸಂಖ್ಯೆಗಳು ಎಂಬ ಸಂಖ್ಯಾಸರಣಿಯನ್ನು ಯಂತ್ರ ಹಂತ ಹಂತವಾಗಿ ಹೇಗೆ ಕಂಡುಹಿಡಿಯಬೇಕು ಎಂಬ ಪಟ್ಟಿಯಿದೆ. ಅದನ್ನೇ ಪ್ರಕಟವಾದ ಮೊದಲ ಪ್ರೋಗ್ರಾಂ ಎನ್ನುತ್ತಾರೆ.

ಇದಕ್ಕೆ ಆಕ್ಷೇಪ ಎತ್ತುವವರ ಮಾತಿನಲ್ಲೂ ಹುರುಳಿದೆ. ಬ್ಯಾಬೇಜ್ ಅದಕ್ಕೂ ಕೆಲವು ವರ್ಷಗಳ ಮೊದಲೇ ಇಂಥ ಹಂತಗಳ ಪಟ್ಟಿಗಳನ್ನು ತಮ್ಮ ಕಾಗದಗಳಲ್ಲಿ ಬರೆದಿಟ್ಟಿದ್ದರು. ಬರ್ನೂಲಿ ಸಂಖ್ಯೆಗಳ ಬೀಜಗಣಿತವನ್ನು ತಾವೇ ಮಾಡಿಕೊಟ್ಟೆನೆಂದೂ, ಅದರಲ್ಲಿದ್ದ ದೊಡ್ಡ ತಪ್ಪನ್ನು ಏಡಾ ಹಿಡಿದರೆಂದೂ ಅವರೇ ಮುಂದೆ ಬರೆದಿದ್ದಾರೆ. ಆದರೆ ‘ಮೊದಲ’ ಎಂಬ ಪಟ್ಟಕ್ಕಾಗಿ ಜಗಳವಾಡುವಾಗ ಏಡಾ ಅವರ ನಿಜವಾದ ಕೊಡುಗೆ ಮರೆಯಾಗುತ್ತದೆ ಎಂದು ನನಗನ್ನಿಸುತ್ತದೆ. ಯಂತ್ರದೊಳಗಿನ ಸಂಖ್ಯೆ ಬರೀ ಪ್ರಮಾಣವನ್ನಲ್ಲ, ಬೇರೆ ಯಾವುದನ್ನಾದರೂ ಸೂಚಿಸಬಹುದು ಎಂಬುದು ಅವರಿಗೆ ಹೊಳೆದಿತ್ತು. ಸ್ವರಗಳ ಪರಸ್ಪರ ಸಂಬಂಧವನ್ನು ನಿಯಮಗಳಲ್ಲಿ ಹೇಳಲು ಸಾಧ್ಯವಾದರೆ ಈ ಯಂತ್ರ ಸಂಗೀತವನ್ನೂ ರಚಿಸಬಹುದು ಎಂದು ಅವರು ಬರೆದರು. ಅದೇ ಟಿಪ್ಪಣಿಗಳಲ್ಲಿ, ಯಂತ್ರ ತಾನಾಗಿ ಏನನ್ನೂ ಹುಟ್ಟುಹಾಕುವುದಿಲ್ಲ, ನಾವು ಆದೇಶಿಸಲು ಬಲ್ಲದ್ದನ್ನು ಮಾತ್ರ ಮಾಡುತ್ತದೆ ಎಂದೂ ಎಚ್ಚರಿಸಿದರು. ನೂರ ಏಳು ವರ್ಷಗಳ ನಂತರ, 1950ರಲ್ಲಿ, ಬ್ರಿಟನ್ನಿನ ಗಣಿತಜ್ಞ ಅಲನ್ ಟ್ಯೂರಿಂಗ್ ಯಂತ್ರಗಳು ಯೋಚಿಸಬಲ್ಲವೇ ಎಂದು ಚರ್ಚಿಸುವಾಗ ಈ ಮಾತನ್ನೇ ಎದುರಿಗಿಟ್ಟುಕೊಂಡು ಉತ್ತರಿಸಬೇಕಾಯಿತು. ಏಡಾ 1852ರಲ್ಲಿ, 36ನೆಯ ವಯಸ್ಸಿನಲ್ಲಿ ತೀರಿಕೊಂಡರು.

ಜನಗಣತಿಗೂ ಕಂಪ್ಯೂಟರಿಗೂ ಏನು ಸಂಬಂಧ?

ಅಮೆರಿಕದಲ್ಲಿ 1880ರ ಜನಗಣತಿಯ ಎಣಿಕೆ ಮುಗಿಯುವುದರೊಳಗೆ ಮುಂದಿನ ಗಣತಿ ಹತ್ತಿರ ಬಂದಿತ್ತು. ಆ ಗಣತಿಯಲ್ಲಿ ಕೆಲಸ ಮಾಡಿದ್ದ ಹರ್ಮನ್ ಹಾಲರಿತ್ ಪ್ರತಿ ವ್ಯಕ್ತಿಗೂ ಒಂದು ಕಾರ್ಡ್ ಎಂಬ ವ್ಯವಸ್ಥೆ ತಂದರು. ಕಾರ್ಡಿನ ರಂಧ್ರಗಳ ಮೂಲಕ ಸೂಜಿಗಳು ಇಳಿದು ಕೆಳಗಿನ ಪಾದರಸದ ಬಟ್ಟಲುಗಳನ್ನು ಮುಟ್ಟಿದಾಗ ವಿದ್ಯುತ್ ಹರಿದು ಎಣಿಕೆಯ ಮುಳ್ಳು ಒಂದು ಮನೆ ಮುಂದೆ ಸರಿಯುತ್ತಿತ್ತು. 1890ರ ಗಣತಿಯಲ್ಲಿ ಆರು ಕೋಟಿಗೂ ಹೆಚ್ಚು ಜನರ ವಿವರಗಳು ಹೀಗೆ ಎಣಿಕೆಯಾದವು. ಹಾಲರಿತ್ 1896ರಲ್ಲಿ ಕಟ್ಟಿದ ಕಂಪನಿ 1911ರಲ್ಲಿ ಬೇರೆ ಕಂಪನಿಗಳೊಡನೆ ಸೇರಿತು. ಆ ಕೂಡುಸಂಸ್ಥೆಗೆ 1924ರಲ್ಲಿ ಐಬಿಎಂ ಎಂಬ ಹೆಸರಾಯಿತು.

ದ್ವಿಮಾನ ಪದ್ಧತಿ ಪಿಂಗಳನಿಂದ ಬಂದದ್ದೇ?

0 ಮತ್ತು 1 ಎಂಬ ಎರಡೇ ಅಂಕಿಗಳಿಂದ ಎಲ್ಲ ಸಂಖ್ಯೆಗಳನ್ನೂ ಬರೆಯುವುದು ದ್ವಿಮಾನ ಪದ್ಧತಿ. ಕನ್ನಡ ಓದುಗರು ಇದನ್ನು ಅಭಿಮಾನದಿಂದ ಕೇಳುತ್ತಾರೆ, ಅಭಿಮಾನಕ್ಕೆ ಆಧಾರವೂ ಇದೆ. ಶಾಲೆಯಲ್ಲಿ ಪದ್ಯಕ್ಕೆ ಪ್ರಸ್ತಾರ ಹಾಕಿ ಲಘು ಗುರು ಗುರುತಿಸಿದವರಿಗೆಲ್ಲ ಎರಡೇ ಚಿಹ್ನೆಗಳ ಆ ಲೋಕ ಪರಿಚಿತ. ಒಂದು ಪಾದದಲ್ಲಿ ಲಘು ಗುರುಗಳು ಎಷ್ಟು ಬಗೆಯಲ್ಲಿ ಬರಬಹುದು, ಪಟ್ಟಿಯ ಇಂತಿಷ್ಟನೆಯ ಬಗೆ ಯಾವುದು ಎಂದು ತಿಳಿಯುವ ವಿಧಾನಗಳನ್ನು ಪ್ರಾಚೀನ ಭಾರತದ ಪಿಂಗಳನ ಛಂದಶ್ಶಾಸ್ತ್ರ ಕೊಡುತ್ತದೆ. ಇವುಗಳಲ್ಲಿ ‘ನಷ್ಟ’ ಎಂಬ ವಿಧಾನ ಸಂಖ್ಯೆಯನ್ನು ಮತ್ತೆ ಮತ್ತೆ ಅರ್ಧ ಮಾಡುತ್ತಾ ಹೋಗುತ್ತದೆ. ಇಂದು ನಾವು ಸಂಖ್ಯೆಯನ್ನು ದ್ವಿಮಾನಕ್ಕೆ ಬದಲಿಸುವುದೂ ಹೀಗೆಯೇ.

ಆದರೆ ಯಂತ್ರಗಳಿಗೆ ದ್ವಿಮಾನ ಬಂದ ದಾರಿ ಬೇರೆ. ಲೈಬ್ನಿಟ್ಸ್ 1703ರಲ್ಲಿ ದ್ವಿಮಾನ ಅಂಕಗಣಿತವನ್ನು ಪ್ರಕಟಿಸಿದರು, 1854ರಲ್ಲಿ ಜಾರ್ಜ್ ಬೂಲ್ ತರ್ಕವನ್ನು ಬೀಜಗಣಿತವಾಗಿಸಿದರು, 1937ರಲ್ಲಿ ಕ್ಲಾಡ್ ಶಾನನ್ ಆ ಬೀಜಗಣಿತವನ್ನು ವಿದ್ಯುತ್ ಸ್ವಿಚ್ಚುಗಳಿಂದ ನಡೆಸಬಹುದು ಎಂದು ತೋರಿಸಿದರು. ಪಿಂಗಳನ ಸೂತ್ರಗಳು ಈ ಸರಪಳಿಯಲ್ಲಿ ಕೊಂಡಿಯಾಗಿದ್ದವು ಎನ್ನಲು ದಾಖಲೆ ಇಲ್ಲ. ಸ್ವತಂತ್ರವಾಗಿ, ಅಷ್ಟು ಹಿಂದೆಯೇ ಕಂಡುಕೊಂಡದ್ದು ಎನ್ನುವುದು ಪಿಂಗಳನಿಗೆ ಸಲ್ಲಬೇಕಾದ ಸತ್ಯವಾದ ಗೌರವ.

ಎರಡನೆಯ ಮಹಾಯುದ್ಧದ ಕಾಲದ ಯಂತ್ರಗಳಲ್ಲಿ ಮೊದಲನೆಯದು ಯಾವುದು?

ಬರ್ಲಿನ್‌ನಲ್ಲಿ ಸಿವಿಲ್ ಎಂಜಿನಿಯರ್ ಆಗಿದ್ದ ಕೊನ್ರಾಡ್ ಟ್ಸೂಸೆ ತಂದೆತಾಯಿಯ ಮನೆಯಲ್ಲೇ ತಮ್ಮ ಮೊದಲ ಯಂತ್ರವನ್ನು ಕಟ್ಟಿದರು. ಅವರ ಝಡ್3 ಎಂಬ ಯಂತ್ರ 1941ರ ಮೇ 12ರಂದು ಪ್ರದರ್ಶನಗೊಂಡಿತು. ಸುಮಾರು ಎರಡು ಸಾವಿರಕ್ಕೂ ಹೆಚ್ಚು ರಿಲೇಗಳಿದ್ದ (ವಿದ್ಯುತ್ತಿನಿಂದಲೇ ತೆರೆದು ಮುಚ್ಚುವ ಸ್ವಿಚ್ಚುಗಳಿದ್ದ) ಅದು ದ್ವಿಮಾನದಲ್ಲಿ ಲೆಕ್ಕ ಮಾಡುತ್ತಿತ್ತು, ರಂಧ್ರ ಕೊರೆದ ಫಿಲ್ಮ್ ಪಟ್ಟಿಯಿಂದ ಆದೇಶ ಓದುತ್ತಿತ್ತು. 1943ರ ಬಾಂಬ್ ದಾಳಿಯಲ್ಲಿ ಅದು ನಾಶವಾಯಿತು. ಅಮೆರಿಕದ ಅಯೋವದಲ್ಲಿ ಜಾನ್ ಅಟನಾಸಾಫ್ ಮತ್ತು ಅವರ ವಿದ್ಯಾರ್ಥಿ ಕ್ಲಿಫರ್ಡ್ ಬೆರಿ ಸುಮಾರು 300 ವಾಲ್ವ್‌ಗಳ ಯಂತ್ರವೊಂದನ್ನು 1942ರ ಹೊತ್ತಿಗೆ ಕಟ್ಟಿದ್ದರು. ಅದು ಸಮೀಕರಣಗಳ ಗುಂಪನ್ನು ಬಿಡಿಸಲೆಂದೇ ಮಾಡಿದ ಯಂತ್ರ. ಇನ್ನು ಹಾರ್ವರ್ಡ್ ವಿಶ್ವವಿದ್ಯಾಲಯಕ್ಕೆ 1944ರಲ್ಲಿ ಬಂದ ಮಾರ್ಕ್ 1, ಹೋವರ್ಡ್ ಏಕನ್ ಕಲ್ಪನೆಯಂತೆ ಐಬಿಎಂ ಕಟ್ಟಿದ, 51 ಅಡಿ ಉದ್ದದ ಯಂತ್ರ. ಬ್ಯಾಬೇಜ್ ಕೆಲಸದ ಬಗ್ಗೆ ತಿಳಿದು ಅದನ್ನು ಗೌರವಿಸಿದ ಆ ತಲೆಮಾರಿನ ಕೆಲವರಲ್ಲಿ ಏಕನ್ ಒಬ್ಬರು.

ಟ್ಯೂರಿಂಗ್ ಕೊಲೋಸಸ್ ಯಂತ್ರದಿಂದ ಎನಿಗ್ಮಾ ಸಂಕೇತವನ್ನು ಭೇದಿಸಿದರು ಎಂಬುದು ಸರಿಯೇ?

ಈ ಒಂದು ವಾಕ್ಯದಲ್ಲಿ ಎರಡು ಬೇರೆ ಸಂಗತಿಗಳು ಬೆರೆತುಹೋಗಿವೆ. ಜರ್ಮನ್ ಸೇನೆ ಬಳಸುತ್ತಿದ್ದ ಎನಿಗ್ಮಾ ಸಂಕೇತಕ್ಕಾಗಿ, ಶತ್ರುವಿನ ಸಂಕೇತಗಳನ್ನು ಭೇದಿಸುವ ಬ್ರಿಟನ್ನಿನ ಕೇಂದ್ರವಾಗಿದ್ದ ಬ್ಲೆಚ್ಲಿ ಪಾರ್ಕ್‌ನಲ್ಲಿ ಟ್ಯೂರಿಂಗ್ ಮತ್ತು ಗಾರ್ಡನ್ ವೆಲ್ಚ್‌ಮನ್ ರೂಪಿಸಿದ ಸಾಧನದ ಹೆಸರು ಬಾಂಬ್. ಅದಕ್ಕೆ ಮೊದಲೇ ಪೋಲೆಂಡಿನ ಮರಿಯನ್ ರೆಯೆವ್ಸ್ಕಿ ಮತ್ತು ಸಂಗಡಿಗರು ಎನಿಗ್ಮಾದ ಒಳಗುಟ್ಟನ್ನು ಬಿಡಿಸಿದ್ದರು. ಕೊಲೋಸಸ್ ಕಟ್ಟಿದ್ದು ಲೊರೆಂಟ್ಸ್ ಎಂಬ ಜರ್ಮನಿಯದೇ ಬೇರೊಂದು, ಇನ್ನೂ ಜಟಿಲವಾದ ಸಂಕೇತಕ್ಕಾಗಿ, ಮತ್ತು ಅದನ್ನು ಕಟ್ಟಿದವರು ಅಂಚೆ ಇಲಾಖೆಯ ಸಂಶೋಧನಾಲಯದ ಎಂಜಿನಿಯರ್ ಟಾಮಿ ಫ್ಲವರ್ಸ್.

ಸಾವಿರಕ್ಕೂ ಹೆಚ್ಚು ವಾಲ್ವ್‌ಗಳಿರುವ ಯಂತ್ರ ನಾಲ್ಕು ದಿನವೂ ಬಾಳದು ಎಂಬುದು ಆ ಕಾಲದ ನಂಬಿಕೆಯಾಗಿತ್ತು. ಹಳೆಯ ವಾಲ್ವ್ ರೇಡಿಯೊ ಇದ್ದ ಮನೆಯವರಿಗೆ ಆ ಭಯ ಅರ್ಥವಾಗುತ್ತದೆ. ಟೆಲಿಫೋನ್ ವಿನಿಮಯ ಕೇಂದ್ರಗಳಲ್ಲಿ ದುಡಿದ ಫ್ಲವರ್ಸ್‌ಗೆ ಗೊತ್ತಿದ್ದ ಸಂಗತಿ ಬೇರೆ: ವಾಲ್ವ್‌ಗಳು ಕೆಡುವುದು ಹೆಚ್ಚಾಗಿ ಅವುಗಳನ್ನು ಆರಿಸಿ ಮತ್ತೆ ಹೊತ್ತಿಸುವಾಗ, ಆರಿಸದೇ ಬಿಟ್ಟರೆ ಅವು ಬಹುಕಾಲ ಬಾಳುತ್ತವೆ. ಆ ಅನುಭವದ ಮೇಲೆ ನಿಂತ, ಸುಮಾರು 1,600 ವಾಲ್ವ್‌ಗಳ ಕೊಲೋಸಸ್ 1944ರ ಆರಂಭದಲ್ಲಿ ಕೆಲಸ ಶುರುಮಾಡಿ ಕಾಗದದ ಪಟ್ಟಿಯಿಂದ ಸೆಕೆಂಡಿಗೆ 5,000 ಅಕ್ಷರಗಳನ್ನು ಓದಿತು. 2,400 ವಾಲ್ವ್‌ಗಳ ಸುಧಾರಿತ ಯಂತ್ರ ಜೂನ್ 1ಕ್ಕೆ, ನಾರ್ಮಂಡಿ ದಾಳಿಗೆ ಐದು ದಿನ ಮೊದಲು, ಸಿದ್ಧವಾಯಿತು. ಯುದ್ಧ ಮುಗಿಯುವ ಹೊತ್ತಿಗೆ ಹತ್ತು ಕೊಲೋಸಸ್‌ಗಳಿದ್ದವು. ಆಮೇಲೆ ಬಹುತೇಕ ಎಲ್ಲವನ್ನೂ ಕಳಚಲಾಯಿತು, ನಕ್ಷೆಗಳನ್ನು ಸುಡಲು ಆದೇಶವಾಯಿತು, ಫ್ಲವರ್ಸ್ ತಮ್ಮ ಕೈಯಾರೆ ಅವನ್ನು ಬೆಂಕಿಗೆ ಹಾಕಿದರು. 1970ರ ದಶಕದವರೆಗೆ ಹೊರಜಗತ್ತಿಗೆ ಈ ಯಂತ್ರದ ಸುಳಿವೇ ಇರಲಿಲ್ಲ. ಅಲ್ಲಿಯವರೆಗಿನ ಇತಿಹಾಸದ ಪುಸ್ತಕಗಳಲ್ಲಿ ಅದು ಕಾಣದಿರುವುದಕ್ಕೆ ಇದೇ ಕಾರಣ.

ಟ್ಯೂರಿಂಗ್ ಅವರ ದೊಡ್ಡ ಕೊಡುಗೆ 1936ರ ಅವರ ಪ್ರಬಂಧ. ಪಟ್ಟಿಯ ಮೇಲೆ ಒಂದೊಂದೇ ಚಿಹ್ನೆ ಓದಿ ಬರೆಯುವ ಸರಳ ಕಾಲ್ಪನಿಕ ಯಂತ್ರವೊಂದು, ಸರಿಯಾದ ವಿವರಣೆ ಕೊಟ್ಟರೆ, ಅಂಥ ಬೇರೆ ಯಾವ ಯಂತ್ರದ ಕೆಲಸವನ್ನಾದರೂ ಮಾಡಬಲ್ಲದು ಎಂದು ಅದು ತೋರಿಸಿತು. ಆ ಕಲ್ಪನೆಯನ್ನು ಅವರು ಕಟ್ಟಿದ್ದು ಕಾಗದ ಪೆನ್ಸಿಲ್ ಹಿಡಿದು ಲೆಕ್ಕ ಹಾಕುವ ಮನುಷ್ಯನನ್ನು ಗಮನಿಸಿಯೇ. ಅವರ ತಂದೆ ಮದ್ರಾಸ್ ಪ್ರಾಂತ್ಯದಲ್ಲಿ ಬ್ರಿಟಿಷ್ ಆಡಳಿತದ ಅಧಿಕಾರಿಯಾಗಿದ್ದರು, ತಾಯಿಯ ತಂದೆ ಮದ್ರಾಸ್ ರೈಲ್ವೆಯ ಮುಖ್ಯ ಎಂಜಿನಿಯರ್. ಸಲಿಂಗ ಸಂಬಂಧಕ್ಕಾಗಿ 1952ರಲ್ಲಿ ಟ್ಯೂರಿಂಗ್ ಅವರನ್ನು ಶಿಕ್ಷಿಸಿದ ದೇಶ 2013ರಲ್ಲಿ ಕ್ಷಮೆ ನೀಡಿತು. ಅಷ್ಟರಲ್ಲಿ ಅವರು ತೀರಿಹೋಗಿ 59 ವರ್ಷಗಳಾಗಿದ್ದವು.

ಎನಿಯಾಕ್‌ನ ಹಿರಿಮೆ ಏನು, ಅದನ್ನು ನಡೆಸಿದವರು ಯಾರು?

ಫಿಲಡೆಲ್ಫಿಯಾದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಜಾನ್ ಮಾಕ್ಲಿ ಮತ್ತು ಪ್ರೆಸ್ಪರ್ ಎಕರ್ಟ್ ರೂಪಿಸಿದ ಎನಿಯಾಕ್ 1946ರ ಫೆಬ್ರವರಿಯಲ್ಲಿ ಲೋಕಕ್ಕೆ ಪರಿಚಯವಾಯಿತು. ಸುಮಾರು 18,000 ವಾಲ್ವ್, 30 ಟನ್ ತೂಕ, 150 ಕಿಲೋವಾಟ್ ವಿದ್ಯುತ್, ಸೆಕೆಂಡಿಗೆ 5,000 ಕೂಡುವಿಕೆ. ಫಿರಂಗಿ ಗುಂಡಿನ ಒಂದು ಪಥವನ್ನು ಲೆಕ್ಕ ಹಾಕಲು ಮೇಜಿನ ಯಂತ್ರ ಹಿಡಿದ ಮನುಷ್ಯರಿಗೆ ಮೂವತ್ತು ಗಂಟೆಗೂ ಹೆಚ್ಚು ಬೇಕಿತ್ತು. ಎನಿಯಾಕ್ ಅದನ್ನು ಅರ್ಧ ನಿಮಿಷದಲ್ಲಿ, ಗುಂಡು ಗುರಿ ತಲುಪುವುದಕ್ಕಿಂತ ಬೇಗ, ಮುಗಿಸುತ್ತಿತ್ತು.

ಆ ಮೂವತ್ತು ಗಂಟೆಗಳ ಲೆಕ್ಕವನ್ನು ಹಾಕುತ್ತಿದ್ದವರು ಹೆಚ್ಚಾಗಿ ಗಣಿತ ಓದಿದ ತರುಣಿಯರು, ಅವರ ಹುದ್ದೆಯ ಹೆಸರೇ ಕಂಪ್ಯೂಟರ್. ಅವರಲ್ಲಿ ಆರು ಮಂದಿಯನ್ನು ಹೊಸ ಯಂತ್ರಕ್ಕೆ ಆರಿಸಲಾಯಿತು: ಕೇ ಮೆಕ್‌ನಲ್ಟಿ, ಬೆಟಿ ಜೀನ್ ಜೆನಿಂಗ್ಸ್, ಬೆಟಿ ಸ್ನೈಡರ್, ಮಾರ್ಲಿನ್ ವೆಸ್ಕಾಫ್, ಫ್ರಾನ್ ಬೈಲಸ್, ರೂತ್ ಲಿಕ್ಟರ್‌ಮನ್. ಕಲಿಯಲು ಕೈಪಿಡಿ ಇರಲಿಲ್ಲ. ಅವರು ಯಂತ್ರದ ನಕ್ಷೆಗಳನ್ನು ಓದಿ, ಕೇಬಲ್ಲುಗಳನ್ನು ಎಲ್ಲಿಂದ ಎಲ್ಲಿಗೆ ಸಿಕ್ಕಿಸಬೇಕು, ಸಾವಿರಾರು ಸ್ವಿಚ್ಚುಗಳನ್ನು ಹೇಗೆ ತಿರುಗಿಸಬೇಕು ಎಂದು ತಾವೇ ಕಂಡುಕೊಂಡರು. ಉದ್ಘಾಟನೆಯ ದಿನ ಎಲ್ಲರನ್ನೂ ಬೆರಗಾಗಿಸಿದ ಗುಂಡಿನ ಪಥದ ಪ್ರೋಗ್ರಾಂ ಇವರದೇ ಆಗಿತ್ತು. ಆದರೆ ಆ ಸಂಭ್ರಮದಲ್ಲಿ ಇವರ ಹೆಸರುಗಳು ಕೇಳಿಬರಲಿಲ್ಲ, ಇವರ ಕೆಲಸಕ್ಕೆ ಮನ್ನಣೆ ಸಿಗಲು ಹಲವು ದಶಕಗಳೇ ಬೇಕಾದವು. ಅದಕ್ಕಾಗಿಯೇ ಆರೂ ಹೆಸರುಗಳನ್ನು ಇಲ್ಲಿ ಪೂರ್ತಿಯಾಗಿ ಬರೆದಿದ್ದೇನೆ.

ಎನಿಯಾಕ್‌ನ ಪೇಟೆಂಟ್ ವಿವಾದ 1973ರ ಅಕ್ಟೋಬರ್‌ನಲ್ಲಿ ಮುಗಿಯಿತು. ಮಾಕ್ಲಿ 1941ರಲ್ಲಿ ಅಯೋವಕ್ಕೆ ಹೋಗಿ ಅಟನಾಸಾಫ್ ಯಂತ್ರವನ್ನು ನೋಡಿ ಬಂದಿದ್ದರು ಎಂಬುದನ್ನೂ ಪರಿಗಣಿಸಿ ನ್ಯಾಯಾಧೀಶ ಅರ್ಲ್ ಲಾರ್ಸನ್ ಆ ಪೇಟೆಂಟನ್ನು ಅಸಿಂಧುವೆಂದರು.

ಪ್ರೋಗ್ರಾಮನ್ನು ನೆನಪಿನಲ್ಲಿಡುವುದು ಏಕೆ ಅಷ್ಟು ದೊಡ್ಡ ಹೆಜ್ಜೆ?

ಎನಿಯಾಕ್‌ಗೆ ಹೊಸ ಕೆಲಸ ಕೊಡಬೇಕಾದರೆ ಕೇಬಲ್ ಕಿತ್ತು ಜೋಡಿಸುವುದಕ್ಕೇ ದಿನಗಳು ಹಿಡಿಯುತ್ತಿದ್ದವು. ಆದೇಶಗಳನ್ನೂ ಸಂಖ್ಯೆಗಳಾಗಿ ಬರೆದು, ಲೆಕ್ಕದ ಸಂಖ್ಯೆಗಳಿರುವ ಉಗ್ರಾಣದಲ್ಲೇ ಇಟ್ಟರೆ, ಯಂತ್ರ ತನ್ನದೇ ವೇಗದಲ್ಲಿ ಅವನ್ನು ಓದಿಕೊಳ್ಳುತ್ತದೆ. 1945ರ ಜೂನ್ 30ರ ದಿನಾಂಕವಿರುವ ವರದಿಯಲ್ಲಿ ಇದನ್ನು ಸ್ಪಷ್ಟವಾಗಿ ಬರೆದವರು ಜಾನ್ ಫಾನ್ ನಾಯ್ಮನ್. ವರದಿಯ ಮೇಲೆ ಅವರೊಬ್ಬರ ಹೆಸರೇ ಇದ್ದುದರಿಂದ ಈ ರಚನೆಗೆ ಅವರ ಹೆಸರೇ ಅಂಟಿಕೊಂಡಿತು. ಅದು ಎಕರ್ಟ್ ಮತ್ತು ಮಾಕ್ಲಿ ಒಳಗೊಂಡ ಗುಂಪಿನ ಚರ್ಚೆಗಳಿಂದ ಮೂಡಿದ್ದು, ಅವರಿಬ್ಬರ ಬೇಸರ ನ್ಯಾಯವಾದದ್ದು ಎಂದೇ ನನ್ನ ಅನಿಸಿಕೆ.

ಮಾತಿನಲ್ಲಿದ್ದುದನ್ನು ಮೊದಲು ನಡೆಸಿ ತೋರಿಸಿದ್ದು ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯ. ಫ್ರೆಡಿ ವಿಲಿಯಮ್ಸ್, ಟಾಮ್ ಕಿಲ್ಬರ್ನ್ ಮತ್ತು ಜೆಫ್ ಟೂಟಿಲ್ ಕಟ್ಟಿದ, ‘ಬೇಬಿ’ ಎಂಬ ಅಡ್ಡಹೆಸರಿನ ಸಣ್ಣ ಯಂತ್ರ ಹಳೆಯ ಟಿವಿಯ ಪರದೆಯಂಥ ನಳಿಕೆಯ ಮೇಲೆ ವಿದ್ಯುದಾವೇಶದ ಚುಕ್ಕಿಗಳಾಗಿ ನೆನಪನ್ನು ಹಿಡಿದಿಡುತ್ತಿತ್ತು. ಅದರ ನೆನಪಿನಲ್ಲಿ ಇದ್ದುದು 32 ಬಿಟ್‌ಗಳ (0 ಅಥವಾ 1 ಎಂಬ ದ್ವಿಮಾನ ಅಂಕಿಗಳ) 32 ಸಾಲುಗಳು ಮಾತ್ರ. 1948ರ ಜೂನ್ 21ರಂದು ಕಿಲ್ಬರ್ನ್ ಬರೆದ 17 ಆದೇಶಗಳ ಪ್ರೋಗ್ರಾಂ 2,62,144 ಎಂಬ ಸಂಖ್ಯೆಗೆ ಆ ಸಂಖ್ಯೆಯನ್ನೇ ಬಿಟ್ಟು ಇರುವ ಅತಿ ದೊಡ್ಡ ಅಪವರ್ತನವನ್ನು 52 ನಿಮಿಷ ಹುಡುಕಿ ಕಂಡುಕೊಂಡಿತು. ಉತ್ತರ ಎಲ್ಲರಿಗೂ ಮೊದಲೇ ಗೊತ್ತಿತ್ತು, ಯಂತ್ರ ಅಷ್ಟು ಹೊತ್ತು ತಪ್ಪದೆ ನಡೆಯುತ್ತದೆಯೇ ಎಂಬುದು ಮಾತ್ರ ಗೊತ್ತಿರಲಿಲ್ಲ. ಮರುವರ್ಷದ ಮೇ 6ರಂದು ಕೇಂಬ್ರಿಜ್‌ನಲ್ಲಿ ಮಾರಿಸ್ ವಿಲ್ಕ್ಸ್ ಗುಂಪಿನ ಎಡ್ಸಾಕ್ ವರ್ಗಸಂಖ್ಯೆಗಳ ಕೋಷ್ಟಕವನ್ನು ಮುದ್ರಿಸಿತು. ಬ್ಯಾಬೇಜ್ ಕನಸು ಕಂಡಿದ್ದ ಕೆಲಸವೂ ಇದೇ ಬಗೆಯದಾಗಿತ್ತು.

‘ಬಗ್’ ಎಂಬ ಪದ ನಿಜವಾದ ಹುಳುವಿನಿಂದ ಬಂದಿತೇ?

1947ರ ಸೆಪ್ಟೆಂಬರ್ 9ರಂದು ಹಾರ್ವರ್ಡ್ ಮಾರ್ಕ್ 2 ಯಂತ್ರದ ರಿಲೇಯಲ್ಲಿ ಒಂದು ಪತಂಗ ಸಿಕ್ಕಿಹಾಕಿಕೊಂಡಿದ್ದು ನಿಜ. ದಿನಚರಿ ಪುಸ್ತಕಕ್ಕೆ ಅಂಟಿಸಿದ ಆ ಪತಂಗ ಇಂದಿಗೂ ಉಳಿದಿದೆ. ಆದರೆ ಯಂತ್ರದ ದೋಷಕ್ಕೆ ಆ ಪದವನ್ನು ಎಡಿಸನ್ 1870ರ ದಶಕದಲ್ಲೇ ಬಳಸಿದ್ದರು. ಆ ಯಂತ್ರದ ಗುಂಪಿನಲ್ಲಿದ್ದ ಗ್ರೇಸ್ ಹಾಪರ್ ಈ ಕಥೆಯನ್ನು ಹೇಳಿ ಹೇಳಿ ಪ್ರಸಿದ್ಧಗೊಳಿಸಿದರು. ಅವರನ್ನು ನೆನೆಯಬೇಕಾದದ್ದು ಪತಂಗಕ್ಕಿಂತ ಹೆಚ್ಚಾಗಿ, ಮನುಷ್ಯರಿಗೆ ಓದಲು ಬರುವ ರೂಪದಲ್ಲಿ ಬರೆದ ಆದೇಶಗಳನ್ನು ಯಂತ್ರದ ಭಾಷೆಗೆ ಯಂತ್ರವೇ ತಿರುಗಿಸಬೇಕು ಎಂದು 1950ರ ದಶಕದಲ್ಲಿ ಅವರು ಮಾಡಿದ ಕೆಲಸಕ್ಕಾಗಿ.

ಭಾರತಕ್ಕೆ ಕಂಪ್ಯೂಟರ್ ಯಾವಾಗ ಬಂತು?

ಕೋಲ್ಕತ್ತಾದ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಗೆ, ಪಿ. ಸಿ. ಮಹಲನೋಬಿಸ್ ಅವರ ಆಸಕ್ತಿಯಿಂದಾಗಿ, ಬ್ರಿಟನ್ನಿನ ಹೆಚ್‌ಇಸಿ-2ಎಂ ಎಂಬ ಯಂತ್ರ 1955ರಲ್ಲಿ ಬಂತು. ಅದೇ ಹೊತ್ತಿಗೆ ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಆರ್. ನರಸಿಂಹನ್ ನೇತೃತ್ವದ ತರುಣರ ಗುಂಪು ತಮ್ಮದೇ ಯಂತ್ರ ಕಟ್ಟುತ್ತಿತ್ತು. ಅದರ ಪ್ರಾಯೋಗಿಕ ರೂಪ 1956ರಲ್ಲಿ ನಡೆಯಿತು, ಪೂರ್ಣ ಯಂತ್ರ 1960ರಲ್ಲಿ ಬಳಕೆಗೆ ಬಂತು, 1962ರಲ್ಲಿ ಅದಕ್ಕೆ ಟಿಫ್ರಾಕ್ ಎಂಬ ಹೆಸರಾಯಿತು. ಕಂಪ್ಯೂಟರನ್ನು ಕಣ್ಣಾರೆ ಕಂಡವರೇ ವಿರಳವಾಗಿದ್ದ ದೇಶದಲ್ಲಿ ಅದನ್ನು ಕಟ್ಟಲು ಹೊರಟವರ ಧೈರ್ಯ ದೊಡ್ಡದು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1950ರ ದಶಕದ ನಡುವಿನಲ್ಲಿ ಅನಲಾಗ್ ಕಂಪ್ಯೂಟರ್‌ನ ಕೆಲಸ ನಡೆದಿತ್ತು. ಅಂಕಿಗಳ ಬದಲು ವೋಲ್ಟೇಜ್‌ನ ಏರಿಳಿತದಲ್ಲೇ ಸಮೀಕರಣ ಬಿಡಿಸುವ ಯಂತ್ರವದು. ಆಗ ಅಲ್ಲಿ ವಿದ್ಯಾರ್ಥಿಯಾಗಿದ್ದ ವಿ. ರಾಜಾರಾಮನ್ ಮುಂದೆ, 1963ರಲ್ಲಿ ಐಬಿಎಂ 1620 ಬಂದ ಕಾನ್ಪುರದ ಐಐಟಿಯಲ್ಲಿ ಕಂಪ್ಯೂಟರ್ ಶಿಕ್ಷಣವನ್ನು ಕಟ್ಟಿದವರಲ್ಲಿ ಒಬ್ಬರಾದರು. ಆನಂತರ ಬೆಂಗಳೂರಿಗೆ ಮರಳಿ ಅದೇ ಸಂಸ್ಥೆಯಲ್ಲಿ ಪ್ರಾಧ್ಯಾಪಕರಾಗಿ ದುಡಿದರು.

ಶಕುಂತಲಾ ದೇವಿಯವರನ್ನು ‘ಮಾನವ ಕಂಪ್ಯೂಟರ್’ ಎನ್ನುವುದು ಹಳೆಯ ಅರ್ಥದಲ್ಲೇ?

ಅಲ್ಲ. ಬೆಂಗಳೂರಿನಲ್ಲಿ ಹುಟ್ಟಿದ ಅವರು 1980ರ ಜೂನ್ 18ರಂದು ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ತಲಾ ಹದಿಮೂರು ಅಂಕಿಗಳ ಎರಡು ಸಂಖ್ಯೆಗಳನ್ನು 28 ಸೆಕೆಂಡುಗಳಲ್ಲಿ ಗುಣಿಸಿದ್ದು ಅಸಾಧಾರಣ ಪ್ರತಿಭೆ. ಹಳೆಯ ಕಂಪ್ಯೂಟರ್‌ಗಳ ಕೆಲಸಕ್ಕೆ ಬೇಕಿದ್ದುದು ಬೇರೆ ಗುಣ: ಸಾಮಾನ್ಯ ಲೆಕ್ಕವನ್ನೇ ವರ್ಷಗಟ್ಟಲೆ, ಬೇಸರಪಡದೆ, ಒಬ್ಬರದನ್ನು ಇನ್ನೊಬ್ಬರು ತಾಳೆ ನೋಡುತ್ತಾ ಮಾಡುವ ತಾಳ್ಮೆ. ಯಂತ್ರ ಬಂದು ತುಂಬಿದ್ದು ಈ ಎರಡನೆಯವರ ಜಾಗವನ್ನು.

ಈ ಹಳೆಯ ಯಂತ್ರಗಳನ್ನು ಇಂದು ನೋಡಲು ಸಾಧ್ಯವೇ?

ಸಾಧ್ಯ. ಲಂಡನ್ನಿನ ವಿಜ್ಞಾನ ವಸ್ತುಸಂಗ್ರಹಾಲಯದಲ್ಲಿ ಬ್ಯಾಬೇಜ್ ಯಂತ್ರದ ಮೂಲ ತುಣುಕೂ, ಹೊಸದಾಗಿ ಕಟ್ಟಿದ ಎರಡನೆಯ ಡಿಫರೆನ್ಸ್ ಎಂಜಿನ್ನೂ ಇವೆ. ಮ್ಯೂನಿಕ್‌ನ ಡಾಯ್ಚಸ್ ಮ್ಯೂಸಿಯಂನಲ್ಲಿ ಝಡ್3ರ ಮರುನಿರ್ಮಾಣವಿದೆ. ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿರುವ ಕನ್ನಡಿಗರಿಗೆ ಮೌಂಟನ್ ವ್ಯೂನ ಕಂಪ್ಯೂಟರ್ ಇತಿಹಾಸದ ವಸ್ತುಸಂಗ್ರಹಾಲಯ ಹತ್ತಿರ.

ಬ್ಲೆಚ್ಲಿ ಪಾರ್ಕ್‌ಗೆ ಹೋದವರು ಓಡುತ್ತಿರುವ ಕೊಲೋಸಸ್ ನೋಡಬಹುದು. ನಕ್ಷೆಗಳು ಬಹುಪಾಲು ಸುಟ್ಟುಹೋಗಿದ್ದರಿಂದ ಟೋನಿ ಸೇಲ್ ಮತ್ತು ಅವರ ಸಂಗಡಿಗರು ಕೆಲವೇ ಫೋಟೊಗಳು ಮತ್ತು ಹಳೆಯ ಎಂಜಿನಿಯರುಗಳು ಗುಟ್ಟಾಗಿ ಉಳಿಸಿಕೊಂಡಿದ್ದ ನಕ್ಷೆಯ ಚೂರುಗಳನ್ನು ಹಿಡಿದು ಅದನ್ನು ಮತ್ತೆ ಕಟ್ಟಿದರು. 1996ರ ಜೂನ್‌ನಲ್ಲಿ ಆ ಯಂತ್ರವನ್ನು ಚಾಲೂ ಮಾಡಿದ ದಿನ ಟಾಮಿ ಫ್ಲವರ್ಸ್ ಅಲ್ಲಿದ್ದರು. ಆಗ ಅವರಿಗೆ ತೊಂಬತ್ತು ವರ್ಷ.